ನಡುವೆ ಇಳಿಯಬಹುದಾದ ಗಾಡಿ: ನನ್ನ ಗೇಮ್‌ಗೆ ಫಾಸ್ಟ್ ಟ್ರಾವೆಲ್ ಕಟ್ಟಿದ ಕಥೆ

ಬಿಡುವಿದ್ದಾಗ ಗೊಡಾಟ್ 4 ಎಂಬ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ (ಎಂಜಿನ್) ಒಂದು ಸಣ್ಣ ಓಪನ್ ವರ್ಲ್ಡ್ ಗೇಮ್, ಅಂದರೆ ಎಲ್ಲಿ ಬೇಕಾದರೂ ಅಡ್ಡಾಡಬಹುದಾದ ಗೇಮ್, ಮಾಡುತ್ತಿದ್ದೇನೆ. ಒಂದು ದ್ವೀಪ, ಎಂಟು ಊರು, ನಡುವೆ ಗುಡ್ಡಸಾಲು, ಸುತ್ತ ನೀರು. ಈ ತುದಿಯಿಂದ ಆ ತುದಿಗೆ ಓಡಿಕೊಂಡು ಹೋದರೂ ಇಪ್ಪತ್ತು ನಿಮಿಷ ಬೇಕು. ಮೊದಲ ಸಲ ಮಜಾ ಇರುತ್ತದೆ. ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಬೇಕೆಂದರೆ ಬೇಜಾರು. ಫಾಸ್ಟ್ ಟ್ರಾವೆಲ್, ಅಂದರೆ ದಾರಿ ಪೂರ್ತಿ ನಡೆಯದೆ ಬೇಗ ತಲುಪುವ ವ್ಯವಸ್ಥೆ, ಬೇಕು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಯಾವ ಥರದ್ದು ಅನ್ನುವುದೇ ಪ್ರಶ್ನೆ.

ಸುಲಭದ ಉಪಾಯ ಎಲ್ಲರಿಗೂ ಗೊತ್ತು. ಮ್ಯಾಪ್ ತೆಗಿ, ಊರಿನ ಮೇಲೆ ಕ್ಲಿಕ್ ಮಾಡು, ಪರದೆ ಕಪ್ಪಾಗುತ್ತದೆ, ಬಂದಾಯ್ತು. 2006ರ ಆಬ್ಲಿವಿಯನ್ ಎಂಬ ಗೇಮ್‌ನಲ್ಲಿ ದೊಡ್ಡ ಪಟ್ಟಣಗಳೆಲ್ಲ ಶುರುವಿನಲ್ಲೇ ಮ್ಯಾಪ್‌ನಲ್ಲಿ ತೆರೆದಿರುತ್ತವೆ, ಒಮ್ಮೆಯೂ ಕಾಲಿಡದ ಪಟ್ಟಣಕ್ಕೂ ಹಾರಿಬಿಡಬಹುದು. ಅದನ್ನು ಮಾಡಿದ ಬೆಥೆಸ್ಡಾದವರೇ ನಾಲ್ಕು ವರ್ಷ ಮೊದಲು ತಂದ ಮಾರೋವಿಂಡ್‌ನಲ್ಲಿ ಮ್ಯಾಪ್ ಒತ್ತಿದರೆ ಏನೂ ಆಗುವುದಿಲ್ಲ. ಊರಿಂದ ಊರಿಗೆ ಹೋಗಬೇಕಾದರೆ ಸವಾರಿ ಹಿಡಿಯಬೇಕು. ನಾನು ಮಾರೋವಿಂಡ್ ಪಾರ್ಟಿ. ಆದರೆ ಸುಮ್ನೆ ಹಳೇದನ್ನು ಹೊಗಳಿದರೆ ನನ್ನ ಗೇಮ್ ಮುಂದೆ ಹೋಗುವುದಿಲ್ಲ ಅಲ್ವಾ? ಅದು ಒಳಗೆ ಹೇಗೆ ನಡೆಯುತ್ತದೆ ಎಂದು ಮೊದಲು ಬಿಚ್ಚಿ ನೋಡಿದೆ.

ಹುಳುವಿನ ಲೆಕ್ಕ

ಓಪನ್‌ಎಂಡಬ್ಲ್ಯೂ ಎಂಬ ಓಪನ್ ಸೋರ್ಸ್ ಎಂಜಿನ್ ಇದೆ. ಮಾರೋವಿಂಡ್‌ನ ಡೇಟಾ ಫೈಲುಗಳು ನಿಮ್ಮ ಬಳಿ ಇದ್ದರೆ ಆ ಇಡೀ ಆಟವನ್ನು ಅದರಲ್ಲಿ ಓಡಿಸಬಹುದು. ಕೋಡ್ ಎಲ್ಲರಿಗೂ ಬಿಟ್ಟಿದ್ದು, ಜೊತೆಗೆ ಎಡಿಟರ್ ಕೂಡ ಉಂಟು. ಪ್ರಯಾಣದ ವ್ಯವಸ್ಥೆ ಓದಲು ಇಷ್ಟು ಸಾಕು.

ಅಲ್ಲಿನ ಬಸ್ಸು ಎಂದರೆ ಸಿಲ್ಟ್ ಸ್ಟ್ರೈಡರ್. ಮನೆಗಿಂತ ಎತ್ತರದ, ಉದ್ದುದ್ದ ಕಾಲಿನ ಹುಳು. ಬೆನ್ನಿನ ಚಿಪ್ಪಿನಲ್ಲಿ ಜನ ಕೂರುತ್ತಾರೆ. ಹತ್ತುವ ಕಟ್ಟೆಗೆ ಹೋಗಿ ನಡೆಸುವವನನ್ನು ಮಾತಾಡಿಸಿದರೆ ಊರುಗಳ ಪಟ್ಟಿ ಬರುತ್ತದೆ. ಆಟ ಶುರುವಾಗುವ ಸೇಡಾ ನೀನ್‌ನಿಂದ ಬಾಲ್ಮೋರಾ, ವಿವೆಕ್, ಸುರಾನ್, ಗ್ನಿಸಿಸ್ ಈ ನಾಲ್ಕಕ್ಕೆ ಮಾತ್ರ ಸವಾರಿ. ಆಲ್ಡ್‌ರೂನ್‌ಗೆ ಹೋಗಬೇಕಾ? ಬಾಲ್ಮೋರಾದಲ್ಲೋ ಗ್ನಿಸಿಸ್‌ನಲ್ಲೋ ಇಳಿದು ಬೇರೆ ಹತ್ತಬೇಕು. ಉತ್ತರದ ಖೂಲ್‌ಗೆ ಹೋಗುವವರು ಆಲ್ಡ್‌ರೂನ್‌ನಲ್ಲಿ ಇನ್ನೊಮ್ಮೆ ಬದಲಾಯಿಸಬಹುದು. ಪೂರ್ವದ ಸಡ್ರಿತ್ ಮೋರಾಕ್ಕೆ ಹುಳು ಹೋಗುವುದೇ ಇಲ್ಲ. ದೋಣಿ ಹಿಡಿಯಬೇಕು, ಇಲ್ಲವೇ ಮೇಜಸ್ ಗಿಲ್ಡ್‌ಗೆ ಹೋಗಿ ಮಂತ್ರವಾದಿಗೆ ಕಾಸು ಕೊಡಬೇಕು. ಗೋಸ್ಟ್‌ಗೇಟ್‌ಗಂತೂ ಹುಳುವೂ ಇಲ್ಲ, ದೋಣಿಯೂ ಇಲ್ಲ.

ದರದ ಲೆಕ್ಕ ಸರಳ. ಎರಡು ಊರುಗಳ ನಡುವಿನ ನೇರ ದೂರವನ್ನು 4000ದಿಂದ ಭಾಗಿಸಿದರೆ ಬಾಡಿಗೆಯ ಮೂಲ ದರ. ಆಮೇಲೆ ನಿಮ್ಮ ಚೌಕಾಸಿಯ ತಾಕತ್ತಿಗೆ ತಕ್ಕಂತೆ ಅದು ಏರುತ್ತದೆ ಇಲ್ಲವೇ ಇಳಿಯುತ್ತದೆ. ಅದೇ ದೂರವನ್ನು 16000ದಿಂದ ಭಾಗಿಸಿದರೆ ಎಷ್ಟು ಗಂಟೆ ಕಳೆಯಿತು ಎಂಬ ಲೆಕ್ಕ ಸಿಗುತ್ತದೆ. ನೆಲದ ಒಂದು ಚೌಕದ ಅಗಲ 8192 ಯೂನಿಟ್, ಸುಮಾರು 117 ಮೀಟರ್. ಅಷ್ಟು ದೂರಕ್ಕೆ ಎರಡು ಕಾಸು, ಅರ್ಧ ಗಂಟೆ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಮಾರೋವಿಂಡ್‌ನ ಗಡಿಯಾರ ನಮ್ಮದಕ್ಕಿಂತ 30 ಪಟ್ಟು ವೇಗ. ಅಲ್ಲಿನ ಒಂದು ಗಂಟೆ ನಮಗೆ ಎರಡು ನಿಮಿಷ. 16000 ಯೂನಿಟ್‌ಗೆ 120 ಸೆಕೆಂಡ್ ಎಂದರೆ ಸೆಕೆಂಡಿಗೆ 133 ಯೂನಿಟ್. ಈಗ ನಡಿಗೆಯ ಲೆಕ್ಕ ನೋಡಿ. ಸ್ಪೀಡ್ 40 ಇರುವ ಹೊಸ ಪಾತ್ರ ಓಡದೆ ಸುಮ್ನೆ ನಡೆದರೆ ಸೆಕೆಂಡಿಗೆ 140. ಅಂದರೆ ಅಷ್ಟು ದೊಡ್ಡ ಹುಳು ನಿಮ್ಮನ್ನು ನಡಿಗೆಯ ವೇಗದಲ್ಲೇ ಕರೆದುಕೊಂಡು ಹೋಗುತ್ತದೆ! ಪಾತ್ರದ ಸಮಯ ಅಷ್ಟೇನೂ ಉಳಿಯುವುದಿಲ್ಲ. ಉಳಿಯುವುದು ಕುರ್ಚಿಯಲ್ಲಿ ಕೂತ ನಮ್ಮ ಸಮಯ. ದಾರಿ ಅಂಕುಡೊಂಕು, ಲೆಕ್ಕ ನೇರ ದೂರದ್ದು, ಹಾಗಾಗಿ ಪಾತ್ರಕ್ಕೂ ಸ್ವಲ್ಪ ಲಾಭ ಉಂಟು ಅನ್ನಿ. ಮೇಜಸ್ ಗಿಲ್ಡ್‌ನಲ್ಲಿ ಮಾತ್ರ ಗಡಿಯಾರ ಅಲ್ಲಾಡುವುದಿಲ್ಲ. ಮೂಲ ದರ 10, ದೂರ ಎಷ್ಟಿದ್ದರೂ ಅಷ್ಟೇ. ಆದರೆ ಅದು ಐದು ಕಡೆ ಮಾತ್ರ.

ಇದೆಲ್ಲ ಇಷ್ಟವಾಯಿತು. ಒಂದು ಮಾತ್ರ ಇಷ್ಟವಾಗಲಿಲ್ಲ. ಹತ್ತುವ ಜಾಗ ಇದೆ, ಇಳಿಯುವ ಜಾಗ ಇದೆ, ನಡುವೆ ಏನೂ ಇಲ್ಲ. ಅಲ್ಲೂ ಕಪ್ಪು ಪರದೆಯೇ. ಅಷ್ಟು ಎತ್ತರದ ಹುಳುವಿನ ಮೇಲೆ ಕೂತು ದಾರಿಯನ್ನೇ ನೋಡದಿದ್ದರೆ ಹೇಗೆ? ನನ್ನ ಗೇಮ್‌ನಲ್ಲಿ ಕಟ್ಟಬೇಕಾದದ್ದು ಆ ನಡುವಿನ ಭಾಗ ಎಂದು ಅಲ್ಲೇ ತೀರ್ಮಾನವಾಯಿತು.

ಎಲ್ಲಿಗೆ ಹೋಗಬಾರದು

ಗಾಡಿ ಮಾಡುವ ಮೊದಲು ಕಾಗದದ ಮೇಲೆ ರೂಟ್ ಬರೆದೆ. ಗುಡ್ಡದ ಪಶ್ಚಿಮಕ್ಕೆ ಒಂದು ಜಟಕಾ ಸಾಲು: ಹಳೇಬಂದರು, ಕಲ್ಲುಸಂತೆ, ಬಿದಿರುಕೊಪ್ಪ, ಹೊಳೆಬಾಗಿಲು. ಪೂರ್ವಕ್ಕೆ ಇನ್ನೊಂದು: ಮೂಡುಕೋಟೆ, ಜೇನುಹಕ್ಕಲು, ಉಪ್ಪಿನಕೇರಿ. ಗುಡ್ಡ ದಾಟುವ ಗಾಡಿದಾರಿ ಇಲ್ಲ. ಆ ಕಡೆಗೂ ಈ ಕಡೆಗೂ ದೋಣಿ ಮಾತ್ರ. ದೋಣಿ ಕೂಡ ಒಂದೇ ದಿಕ್ಕಿಗೆ ಸುತ್ತುತ್ತದೆ: ಹಳೇಬಂದರಿನಿಂದ ಉಪ್ಪಿನಕೇರಿ, ಅಲ್ಲಿಂದ ಮೂಡುಕೋಟೆ, ಮತ್ತೆ ಹಳೇಬಂದರು. ನೀರಿನ ಸೆಳೆತ ಹಾಗಿದೆ ಎಂದು ಅಂಬಿಗನ ಬಾಯಲ್ಲಿ ಹೇಳಿಸಿದ್ದೇನೆ. ಎಂಟನೇ ಊರು ಗಾಳಿಗುಡ್ಡ. ಅಲ್ಲಿಗೆ ಏನೂ ಹೋಗುವುದಿಲ್ಲ. ನಡೆದೇ ಹತ್ತಬೇಕು.

ಫಾರ್ ಕ್ರೈ 2 (2008) ನೆನಪಿದೆಯಾ? ಅದರಲ್ಲಿ ಬಸ್ ನಿಲ್ದಾಣ ಮ್ಯಾಪ್‌ನ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು, ಅಷ್ಟೇ. ಬಸ್ ಇಳಿದ ಮೇಲೂ ಒಂದಷ್ಟು ದೂರ ಜೀಪು ಓಡಿಸಲೇಬೇಕು. ದಿ ವಿಚರ್ 3 (2015) ಇನ್ನೂ ಸ್ವಲ್ಪ ಸಡಿಲ. ನೋಡಿದ ಯಾವ ಕೈಕಂಬಕ್ಕೆ ಬೇಕಾದರೂ ಹಾರಬಹುದು, ಆದರೆ ಹೊರಡಲು ಒಂದು ಕೈಕಂಬದ ಹತ್ತಿರವೇ ನಿಂತಿರಬೇಕು. ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಆಟ ಶುರು. ಎಲ್ಲ ಊರಿಗೂ ಗಾಡಿ ಬಿಟ್ಟರೆ ಗುಡ್ಡ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆದರೆ ಬಿಗಿ ಜಾಸ್ತಿಯಾದರೂ ಕಷ್ಟ. ಯಾವ ಎರಡು ನಿಲ್ದಾಣಗಳ ನಡುವೆಯೂ ಎರಡಕ್ಕಿಂತ ಜಾಸ್ತಿ ಸಲ ಗಾಡಿ ಬದಲಾಯಿಸುವಂತೆ ಆಗಬಾರದು ಎಂದು ನಿಯಮ ಇಟ್ಟುಕೊಂಡೆ. ಅದನ್ನು ಪರೀಕ್ಷಿಸಲು ಎರಡು ಬಿಂದುಗಳ ನಡುವೆ ಕಡಿಮೆ ಖರ್ಚಿನ ದಾರಿ ಹುಡುಕುವ, ಗೊಡಾಟ್‌ನ ಎಸ್ಟಾರ್2ಡಿ ಕ್ಲಾಸ್ ಬಳಸಿದೆ. ನಿಲ್ದಾಣಗಳೇ ಬಿಂದುಗಳು. ಒಂದೇ ಸವಾರಿಯಲ್ಲಿ ತಲುಪಬಹುದಾದ ಎರಡು ನಿಲ್ದಾಣಗಳ ನಡುವೆ ಒಂದು ಗೆರೆ. ದೋಣಿಯ ಗೆರೆಗಳಿಗೆ ಎರಡೂ ದಿಕ್ಕು ಎಂಬ ಆಯ್ಕೆ ಆಫ್. ನನಗೆ ಬೇಕಾದದ್ದು ದೂರ ಅಲ್ಲ, ಎಷ್ಟು ಸವಾರಿ ಎಂಬ ಲೆಕ್ಕ. ಹಾಗಾಗಿ ಖರ್ಚು ಹೇಳುವ ಫಂಕ್ಷನ್ ಯಾವಾಗಲೂ 1 ಎನ್ನುವಂತೆ ಮಾಡಿದೆ.

ಉತ್ತರಗಳು ವಿಚಿತ್ರವಾಗಿ ಬಂದವು. ಎರಡು ಸವಾರಿಯಲ್ಲಿ ಮುಗಿಯುವ ದಾರಿಗೆ ಮೂರು ತೋರಿಸುತ್ತಿತ್ತು. ಕಾರಣ ಇಷ್ಟೇ. ಎಸ್ಟಾರ್ ಮುಂದಿನ ಖರ್ಚನ್ನು ಅಂದಾಜು ಮಾಡುತ್ತಾ ಹೋಗುತ್ತದೆ, ಆ ಅಂದಾಜು ಮಾತ್ರ ಇನ್ನೂ ನೇರ ದೂರದ್ದೇ. ನಿಜವಾದ ಖರ್ಚು 1, ಅಂದಾಜು ಸಾವಿರಗಟ್ಟಲೆ. ಹಾಗಾದಾಗ ಅದು ಗುರಿಯ ದಿಕ್ಕಿನಲ್ಲಿ ಕಂಡ ಮೊದಲ ದಾರಿಯನ್ನೇ ಹಿಡಿದುಬಿಡುತ್ತದೆ. ಅಂದಾಜಿನ ಫಂಕ್ಷನ್ ಸೊನ್ನೆ ಕೊಡುವಂತೆ ಮಾಡಿದ ಮೇಲೆ ಲೆಕ್ಕ ಸರಿಹೋಯಿತು. ಇದು ಎಡಿಟರ್‌ನಲ್ಲಿ ನನಗೆ ಮಾತ್ರ ಕಾಣುವ ಪರೀಕ್ಷೆ. ಆಟಗಾರರಿಗೆ ಹೀಗೆ ಹೋಗಿ ಎಂದು ರೂಟ್ ಹಾಕಿಕೊಡುವುದಿಲ್ಲ. ಗಾಡಿಯವನನ್ನು ಕೇಳಿದರೆ ಎಲ್ಲಿ ಇಳಿದು ಏನು ಹತ್ತಬೇಕು ಎಂದು ಹೇಳುತ್ತಾನೆ.

ಜಟಕಾ

ರಸ್ತೆಯ ಉದ್ದಕ್ಕೂ ಒಂದು ಪಾತ್3ಡಿ (ಗಾಡಿ ಸಾಗುವ ಗೆರೆ) ಎಳೆದು, ಅದರ ಕೆಳಗೆ ಪಾತ್‌ಫಾಲೋ3ಡಿ (ಆ ಗೆರೆಯ ಮೇಲೆ ಸಾಗುವ ಬಿಂದು) ಇಟ್ಟು, ಅದಕ್ಕೆ ಗಾಡಿ ಕಟ್ಟಿದೆ. ಪ್ರತಿ ಫ್ರೇಮ್‌ನಲ್ಲಿ ಅದರ ಪ್ರೋಗ್ರೆಸ್ ಎಂಬ ಬೆಲೆಯನ್ನು ವೇಗಕ್ಕೆ ತಕ್ಕಷ್ಟು ಏರಿಸಿದರೆ ಗಾಡಿ ಓಡುತ್ತದೆ. ಓಟದ ವೇಗ ಸೆಕೆಂಡಿಗೆ ನಾಲ್ಕು ಮೀಟರ್, ಗಾಡಿಗೆ ಒಂಬತ್ತು ಇಟ್ಟೆ. ಕಲ್ಲುಸಂತೆಯಿಂದ ಬಿದಿರುಕೊಪ್ಪಕ್ಕೆ ಎರಡೂವರೆ ನಿಮಿಷ.

ಮೊದಲ ಓಟದಲ್ಲೇ ಮಜಾ ಆಯಿತು. ಗಾಡಿ ಬಿದಿರುಕೊಪ್ಪದ ಬಾಗಿಲಿಗೆ ಬಂದಿತು, ಬಂದ ಕೂಡಲೇ ಮಾಯ. ಹುಡುಕಿದರೆ ಕಲ್ಲುಸಂತೆಯಲ್ಲಿ ನಿಂತಿದೆ, ನಾನೂ ಅದರಲ್ಲೇ ಕೂತಿದ್ದೇನೆ. ಪಾತ್‌ಫಾಲೋ3ಡಿಯಲ್ಲಿ ಲೂಪ್ ಎಂಬ ಆಯ್ಕೆ ತಾನಾಗಿಯೇ ಆನ್ ಇರುತ್ತದೆ. ತುದಿ ಮುಟ್ಟಿದರೆ ಮೊದಲಿಗೆ ಸುತ್ತಿಕೊಳ್ಳುತ್ತದೆ. ಆಫ್ ಮಾಡಿದರೆ ತುದಿಯಲ್ಲೇ ನಿಲ್ಲುತ್ತದೆ. ಹೊಸದಾಗಿ ಮಾಡುವವರು ಮೊದಲು ಇದನ್ನು ನೋಡಿಕೊಳ್ಳಿ.

ಎರಡನೆಯದು ತಲೆಸುತ್ತು. ಗಾಡಿ ರಸ್ತೆಯ ಏರಿಳಿತಕ್ಕೆ ತಕ್ಕಂತೆ ವಾಲಬೇಕು, ಅದು ಚೆಂದ. ಆದರೆ ಕ್ಯಾಮರಾ ಕೂಡ ಜೊತೆಗೇ ವಾಲಿದರೆ ಎರಡು ನಿಮಿಷದಲ್ಲಿ ವಾಂತಿ ಬರುವ ಹಾಗಾಗುತ್ತದೆ. ಹಾಗಾಗಿ ಎರಡು ಪಾತ್‌ಫಾಲೋ ಇಟ್ಟೆ. ಒಂದು ಗಾಡಿಗೆ, ಪೂರ್ತಿ ವಾಲುವಂಥದ್ದು. ಇನ್ನೊಂದು ಆಸನಕ್ಕೆ, ಎಡ ಬಲ ಮಾತ್ರ ತಿರುಗುವಂಥದ್ದು. ಕುಲುಕಾಟ ಇರಲಿ ಎಂದು ಕ್ಯಾಮರಾಕ್ಕೆ ಮೇಲೆ ಕೆಳಗೆ ಒಂದಿಷ್ಟು ಅಲುಗಾಟ ಕೊಟ್ಟೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನೂ ಆಫ್ ಮಾಡಬಹುದು. ಚಕ್ರ ನೆಲದಲ್ಲಿ ಹೂತುಹೋಗುತ್ತಿದ್ದದ್ದಕ್ಕೆ ಪ್ರತಿ ಚಕ್ರದಿಂದ ಕೆಳಕ್ಕೆ ಒಂದು ರೇಕ್ಯಾಸ್ಟ್ (ಏನಕ್ಕೆ ತಾಗುತ್ತದೆ ಎಂದು ನೋಡುವ ಕಾಣದ ಗೆರೆ) ಬಿಟ್ಟು ನೆಲ ಸಿಕ್ಕಲ್ಲಿಗೆ ಕೂರಿಸಿದೆ.

ದಾರಿಯನ್ನು ಎಲ್ಲಿ ಬಗ್ಗಿಸಬೇಕು ಎಂಬುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಬ್ರೆತ್ ಆಫ್ ದಿ ವೈಲ್ಡ್ ಮಾಡಿದವರು 2017ರಲ್ಲಿ ಜಪಾನಿನ ಸೆಡೆಕ್ ಸಮ್ಮೇಳನದಲ್ಲಿ ತ್ರಿಕೋನದ ಸೂತ್ರ ವಿವರಿಸಿದ್ದರು. ಗುಡ್ಡ ತ್ರಿಕೋನವಾಗಿದ್ದರೆ ಅದರ ಹಿಂದಿನದು ಮುಚ್ಚಿರುತ್ತದೆ, ಬಳಸಿ ಹೋದರೆ ಇಲ್ಲವೇ ಹತ್ತಿದರೆ ಸ್ವಲ್ಪ ಸ್ವಲ್ಪವೇ ಕಾಣುತ್ತದೆ. ಅಲ್ಲಿ ನಡೆಯುವುದು ಆಟಗಾರ. ನನ್ನ ಗಾಡಿಯಲ್ಲಿ ದಾರಿ ನನ್ನ ಕೈಯಲ್ಲೇ ಇದೆ, ಹಾಗಾಗಿ ಈ ಸೂತ್ರ ಇನ್ನೂ ಚೆನ್ನಾಗಿ ನಡೆಯುತ್ತದೆ. ಕಲ್ಲುಸಂತೆ ದಾಟಿದ ಮೇಲೆ ಒಂದು ಬಂಡೆಗುಡ್ಡ. ಅದರ ಹಿಂದೆ ಪಾಳುಬಿದ್ದ ಗಾಣದ ಮನೆ. ಮೊದಲು ರಸ್ತೆ ಬಂಡೆಯ ಬಲಕ್ಕೆ ಹೋಗುತ್ತಿತ್ತು, ಮನೆ ಕಾಣುತ್ತಲೇ ಇರಲಿಲ್ಲ. ಎಡಕ್ಕೆ ಹಾಕಿದೆ. ಈಗ ತಿರುವಿನಲ್ಲಿ ಮೊದಲು ಮಾಡಿನ ತುದಿ, ಆಮೇಲೆ ಗೋಡೆ, ಆಮೇಲೆ ಅರ್ಧ ತೆರೆದ ಬಾಗಿಲು ಕಾಣುತ್ತದೆ. ಆರೇಳು ಸೆಕೆಂಡ್ ಅಷ್ಟೇ, ಮತ್ತೆ ಮರಗಳು ಮುಚ್ಚುತ್ತವೆ.

ಹೋಲ್ಡಾನ್

ನಡುವೆ ಇಳಿಯುವ ಬಟನ್‌ಗೆ ಏನು ಹೆಸರಿಡಬೇಕು ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ ಕೂಗುವುದೇ ಅಲ್ಲಿ ಬಂತು: ಹೋಲ್ಡಾನ್. ಗಾಡಿ ಹೊರಡುವಾಗ ಗಾಡಿಯವನು ರೈಟ್ ರೈಟ್ ಅನ್ನುತ್ತಾನೆ. ಕಥೆ ನಡೆಯುವ ಕಾಲಕ್ಕೂ ಇದಕ್ಕೂ ಸಂಬಂಧ ಇಲ್ಲ, ಇರಲಿ ಬಿಡಿ.

ಬಟನ್ ಒತ್ತಿದರೆ ಗಾಡಿ ಒಂದೂವರೆ ಸೆಕೆಂಡಿನಲ್ಲಿ ನಿಲ್ಲುತ್ತದೆ. ಸವಾರಿಯ ಹೊತ್ತಿನಲ್ಲಿ ಆಟಗಾರನ ನೋಡ್ (ಸೀನ್‌ನ ಒಂದು ತುಂಡು) ಆಸನದ ಮಗುವಾಗಿರುತ್ತದೆ, ಅಂದರೆ ಆಸನ ಹೋದಲ್ಲಿಗೆ ಹೋಗುತ್ತದೆ. ರೀಪೇರೆಂಟ್ ಮಾಡಿ ಅದನ್ನು ಮತ್ತೆ ಪ್ರಪಂಚಕ್ಕೆ ಕೊಡಬೇಕು, ಆಫ್ ಮಾಡಿದ್ದ ಫಿಸಿಕ್ಸ್ ಆನ್ ಮಾಡಬೇಕು. ಇಳಿಸುವ ಜಾಗದಲ್ಲಿ ನಿಲ್ಲಲು ನೆಲ ಇದೆಯಾ ಎಂದು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ನೋಡುತ್ತದೆ. ಎರಡೂ ಕಡೆ ಇಲ್ಲದಿದ್ದರೆ, ಉದಾಹರಣೆಗೆ ಸೇತುವೆ ಮೇಲೆ, "ಸ್ವಲ್ಪ ಮುಂದೆ ಇಳಿಸ್ತೀನಿ ಇರಿ ಸ್ವಾಮಿ" ಅನ್ನುತ್ತಾನೆ ಗಾಡಿಯವನು. ಇಳಿದವರಿಗೆ ದುಡ್ಡು ವಾಪಸ್ ಇಲ್ಲ.

ಆಡಿ ನೋಡಲು ಚಿಕ್ಕಪ್ಪನ ಮಗನನ್ನು ಕೂರಿಸಿದೆ. ಅವನು ಮ್ಯಾಪ್ ಕ್ಲಿಕ್ ಕಾಲದ ಹುಡುಗ. ಗಾಡಿ ಹೊರಟ ಕೂಡಲೇ ಫೋನ್ ಕೈಗೆ ತೆಗೆದುಕೊಂಡ.

"ಅಣ್ಣಾ, ಸ್ಕಿಪ್ ಎಲ್ಲಿದೆ?"

"ನಿದ್ದೆ ಅಂತ ಇದೆ ನೋಡೋ, ಕೆಳಗೆ."

ಅವನು ಅದನ್ನು ಒತ್ತುವ ಮೊದಲೇ ಬಂಡೆಯ ತಿರುವು ಬಂತು. ಫೋನ್ ಕೆಳಗಿಟ್ಟ. "ಏ, ಅಲ್ಲಿ ಬಾಗಿಲು ತೆಗ್ದಿದೆ ಕಣಣ್ಣ." ಹೋಲ್ಡಾನ್ ಒತ್ತಿ ಇಳಿದ. ಗಾಣದ ಮನೆ ಸುತ್ತಾಡಿ ಹೊರಗೆ ಬಂದಾಗ ಕತ್ತಲಾಗಿತ್ತು, ಗಾಡಿ ಹೊರಟುಹೋಗಿತ್ತು. "ಇನ್ನೊಂದು ಗಾಡಿ ಯಾವಾಗ?" "ಬೆಳಿಗ್ಗೆ." "ಅಯ್ಯೋ!" ಎಂದು ಬೈದುಕೊಂಡು ನಡೆಯತೊಡಗಿದ. ಆ ಕತ್ತಲಲ್ಲಿ ಬಿದಿರುಕೊಪ್ಪಕ್ಕೆ ನಡೆದದ್ದನ್ನೇ ಆಮೇಲೆ ಎಲ್ಲರ ಹತ್ತಿರ ಹೇಳಿಕೊಂಡ. ಬಿದಿರುಕೊಪ್ಪದಲ್ಲಿ ಮಾಡಬೇಕಿದ್ದ ಕೆಲಸ ಏನೆಂದು ಅವನಿಗೆ ನೆನಪೇ ಇರಲಿಲ್ಲ.

ಮ್ಯಾಪ್ ಕ್ಲಿಕ್ ಮೇಲೆ ನನ್ನ ತಕರಾರು ಅದರ ವೇಗದ ಬಗ್ಗೆ ಅಲ್ಲ. ಅದರಲ್ಲಿ ಮನಸ್ಸು ಬದಲಾಯಿಸಲು ಜಾಗ ಇಲ್ಲ. ಎಲ್ಲಿಗೆ ಅಂತ ಹೊರಟೆಯೋ ಅಲ್ಲಿಗೇ ತಲುಪುತ್ತೀಯ, ಪ್ರತಿ ಸಲವೂ.

ನಿದ್ದೆ, ಮತ್ತು ದಾರಿಯಲ್ಲಿ ಆಗುವುದು

ಹಾಗಂತ ಎಲ್ಲ ಸಲವೂ ಎರಡೂವರೆ ನಿಮಿಷ ಕೂರಿಸಿದರೆ ಅದು ಶಿಕ್ಷೆ. ನಿದ್ದೆ ಒತ್ತಿದರೆ ಪರದೆ ಮಸುಕಾಗುತ್ತದೆ, ಉಳಿದ ದೂರವನ್ನು ಗಾಡಿಯ ವೇಗದಿಂದ ಭಾಗಿಸಿ ಗಡಿಯಾರ ಅಷ್ಟು ಮುಂದೆ ಹೋಗುತ್ತದೆ, ಪ್ರೋಗ್ರೆಸ್ ತುದಿಗೆ. 2024ರ ಡ್ರ್ಯಾಗನ್ಸ್ ಡಾಗ್ಮಾ 2ರ ಎತ್ತಿನ ಗಾಡಿಯಲ್ಲಿ ಹೀಗೇ ತೂಕಡಿಸಬಹುದು, ನಡುವೆ ರಾಕ್ಷಸರು ಬಿದ್ದರೆ ಎಚ್ಚರವಾಗುತ್ತದೆ. ಕಿಂಗ್‌ಡಮ್ ಕಮ್: ಡೆಲಿವರೆನ್ಸ್‌ನಲ್ಲಿ ಮ್ಯಾಪ್ ಮೇಲೆ ಸಣ್ಣ ಬೊಂಬೆ ಸಾಗುತ್ತಿರುವಾಗಲೇ ಯಾರಾದರೂ ಅಡ್ಡ ಹಾಕಬಹುದು. ನನ್ನದರಲ್ಲಿ ರಾಕ್ಷಸರಿಲ್ಲ. ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಬಹುದು, ಅಚ್ಚು ಮುರಿಯಬಹುದು, ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದು ಹತ್ತಬಹುದು.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ಏನಾಗುತ್ತದೆ ಎಂಬ ದಾಳವನ್ನು ಗಾಡಿ ಹೊರಡುವಾಗಲೇ ಹಾಕಿ ಇಟ್ಟುಕೊಳ್ಳಿ, ಎಷ್ಟನೇ ಮೀಟರ್‌ನಲ್ಲಿ ಎಂಬುದರ ಸಮೇತ. ನಿದ್ದೆ ಒತ್ತಿದಾಗ ಹಾಕಿದರೆ ನಿದ್ದೆ ಮಾಡುವವರಿಗೊಂದು ನ್ಯಾಯ, ಎಚ್ಚರ ಇರುವವರಿಗೊಂದು ನ್ಯಾಯ ಆಗುತ್ತದೆ. ಈಗ ಗಾಡಿ ನಿಂತಲ್ಲಿ ಎಚ್ಚರವಾಗುತ್ತದೆ. ಆ ಜಾಗ ನಿಜವಾಗಿಯೂ ರಸ್ತೆಯ ಮೇಲೆ ಇರುವ ಜಾಗ, ಅದಕ್ಕಾಗಿ ಬೇರೆ ಸೀನ್ ಮಾಡಬೇಕಿಲ್ಲ.

ಲೋಡಿಂಗ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾಸ್ ಎಫೆಕ್ಟ್ (2007) ಲಿಫ್ಟ್‌ಗಳು, ಸ್ಪೈಡರ್‌ಮ್ಯಾನ್ (2018) ಸಬ್‌ವೇ ದೃಶ್ಯಗಳು, ಇವೆಲ್ಲ ಲೋಡಿಂಗ್ ಮುಚ್ಚುವ ಪರದೆಗಳು. ವೇಗದ ಎಸ್‌ಎಸ್‌ಡಿ ಡ್ರೈವ್‌ಗಳು ಬಂದ ಮೇಲೆ ಕಾಯಿಸಲು ಆ ನೆಪ ಉಳಿದಿಲ್ಲ. ನಾನು ಪ್ರಪಂಚವನ್ನು 256 ಮೀಟರ್ ಚೌಕಗಳಾಗಿ ಒಡೆದಿದ್ದೇನೆ. ಗಾಡಿ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ ಮುಂದಿನ ಎರಡು ಚೌಕಗಳನ್ನು ಗೊಡಾಟ್‌ನ ರಿಸೋರ್ಸ್‌ಲೋಡರ್ ಬೇರೆ ಥ್ರೆಡ್‌ನಲ್ಲಿ (ಆಟ ನಿಲ್ಲದೆ ಹಿನ್ನೆಲೆಯಲ್ಲಿ) ತಂದಿಡುತ್ತದೆ. ಆದರೂ ಚೌಕದ ಗಡಿಯಲ್ಲಿ ಚಿತ್ರ ತಡವರಿಸುತ್ತಿತ್ತು. ಫೈಲ್ ಓದುವುದು ಹಿನ್ನೆಲೆಯಲ್ಲಿ ಆಗುತ್ತದೆ ನಿಜ, ಅದನ್ನು ಇನ್‌ಸ್ಟಾನ್ಷಿಯೇಟ್ ಮಾಡಿ (ಅಂದರೆ ಅದರಿಂದ ಆಟದ ವಸ್ತುಗಳನ್ನು ಹುಟ್ಟಿಸಿ) ಸೀನ್ ಟ್ರೀಗೆ ಸೇರಿಸುವುದನ್ನು ನಾನು ಮುಖ್ಯ ಥ್ರೆಡ್‌ನಲ್ಲೇ ಮಾಡುತ್ತಿದ್ದೆ. ಚೌಕದೊಳಗಿನ ಮರ, ಮನೆ, ಕಲ್ಲುಗಳನ್ನು ಗುಂಪು ಮಾಡಿ, ಫ್ರೇಮ್‌ಗೆ ಒಂದು ಗುಂಪಿನಂತೆ ಸೇರಿಸಿದ ಮೇಲೆ ತಡವರಿಕೆ ಹೋಯಿತು. ಹಾರ್ಡ್ ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪ್‌ಗಳಿಗಾಗಿ ಒಂದು ಸುಂಕದ ಗೇಟು ಇಟ್ಟಿದ್ದೇನೆ. ಚೌಕ ತಯಾರಿದ್ದರೆ ಗೇಟು ತೆರೆದೇ ಇರುತ್ತದೆ, ಇಲ್ಲದಿದ್ದರೆ ಸುಂಕದವನು ಬಂದು ಗಾಡಿಯ ಮೂಟೆ ಮುಟ್ಟಿ ನೋಡುತ್ತಾನೆ.

ಉಳಿದದ್ದು

ದೋಣಿಗೆ ಇದೇ ಪದ್ಧತಿ ಹಾಕಿ ನೋಡಿದೆ, ಚೆನ್ನಾಗಿ ಬರಲಿಲ್ಲ. ನೀರಿನ ನಡುವೆ ಹೋಲ್ಡಾನ್ ಅಂದು ಎಲ್ಲಿಗೆ ಇಳಿಯುವುದು? ನೋಡಲು ದಡದ ಗೆರೆ ಬಿಟ್ಟರೆ ಏನಿಲ್ಲ. ಹಾಗಾಗಿ ದೋಣಿಯಲ್ಲಿ ಮಾರೋವಿಂಡ್ ಥರ ಕಪ್ಪು ಪರದೆಯೇ ಇರಲಿ ಎಂದು ಬಿಟ್ಟಿದ್ದೇನೆ. ಇಳಿಯಲು ಜಾಗ ಇಲ್ಲದ ದಾರಿಯನ್ನು ಪೂರ್ತಿ ತೋರಿಸುವುದರಲ್ಲಿ ಅರ್ಥ ಇಲ್ಲ. ದಾರಿಯಲ್ಲಿ ಒಂದು ನಡುಗಡ್ಡೆ ಹಾಕಿದರೆ ಆಗ ನೋಡೋಣ.

ಗಾಳಿಗುಡ್ಡಕ್ಕೆ ಗಾಡಿ ಬಿಡು ಎಂದು ತಮ್ಮ ಇನ್ನೂ ಕಾಡುತ್ತಿದ್ದಾನೆ. ಬಿಡುವುದಿಲ್ಲ. ಬೇಕಾದರೆ ಇಳಿಯುವಾಗ ಬೇಗ ಬರಲು ಒಂದು ಹಗ್ಗದ ಜಾರು ಹಾಕಿಕೊಡುತ್ತೇನೆ ಅಂದಿದ್ದೇನೆ. ಅದಕ್ಕೂ ಪಾತ್‌ಫಾಲೋ3ಡಿಯೇ ಸಾಕು.

ಸದ್ಯಕ್ಕೆ ತಲೆ ತಿನ್ನುತ್ತಿರುವುದು ಸೇವ್. ಗಾಡಿಯಲ್ಲಿ ಕೂತಿರುವಾಗ ಸೇವ್ ಮಾಡಿದರೆ ಯಾವ ಸಾಲು, ಎಷ್ಟನೇ ಮೀಟರ್, ಯಾವ ದಿಕ್ಕು, ಮೊದಲೇ ಹಾಕಿದ ದಾಳ, ಈ ನಾಲ್ಕನ್ನೂ ಬರೆದಿಡುತ್ತೇನೆ. ಮತ್ತೆ ಲೋಡ್ ಮಾಡಿದಾಗ ಗಾಡಿ ಸರಿಯಾದ ಜಾಗದಲ್ಲೇ ಬರುತ್ತದೆ, ಕುದುರೆ ಮಾತ್ರ ಕಲ್ಲುಸಂತೆಯಲ್ಲಿ ಹುಲ್ಲು ತಿನ್ನುತ್ತಾ ನಿಂತಿರುತ್ತದೆ. ಅದಕ್ಕೆ ಬೇರೆ ಸ್ಕ್ರಿಪ್ಟ್, ಬೇರೆ ಸ್ಥಿತಿ. ಅದನ್ನೂ ಗಾಡಿಯ ಸ್ಥಿತಿಯೊಳಕ್ಕೆ ತರುವುದು ಈ ವಾರದ ಕೆಲಸ.